ಶನಿವಾರದ ನಿಂಬೆಹಣ್ಣು ಮತ್ತು ಬ್ರೇಕಿನ ಪಿನ್ನು

ಹಾಳಾದ ವಸ್ತುವನ್ನು ಬಿಚ್ಚಿ ನೋಡದೆ ಎಸೆಯುವುದು ನನ್ನಿಂದ ಆಗದ ಕೆಲಸ. ಜಯನಗರದ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದೆ. ಪಾಠ ಮಾಡುವವರು ಬೇರೆ ಇದ್ದರು. ಕೆಟ್ಟ ಮೀಟರಿನ ಹೊಟ್ಟೆ ಬಿಚ್ಚಿ ಒಳಗೆ ಜಾರಿದ ಸ್ಪ್ರಿಂಗು ಹುಡುಕುವವಳು ನಾನು. ನಿವೃತ್ತಿಯಾದ ಮೇಲೂ ಆ ಚಟ ಹೋಗಲಿಲ್ಲ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಬಾಗಿಲ ಗಂಟೆ, ಎಲ್ಲವೂ ಒಂದಲ್ಲ ಒಂದು ದಿನ ನಮ್ಮ ಊಟದ ಮೇಜಿನ ಮೇಲೆ ಅಂಗಾತ ಮಲಗಿವೆ. ಜತೆಗೆ ನನಗೆ ಬಾಯಿಯೂ ಸ್ವಲ್ಪ ಜಾಸ್ತಿ. ಏನು ಕಂಡಿತೋ ಅದನ್ನು ಕಂಡ ಗಳಿಗೆಯಲ್ಲೇ ಯಾರಿಗಾದರೂ ಹೇಳಿಬಿಡಬೇಕು. ಈ ಎರಡು ಗುಣಗಳಲ್ಲಿ ಮೊದಲನೆಯದು ನಮ್ಮ ಗಾಡಿಯ ಬ್ರೇಕನ್ನು ಉಳಿಸಿತು, ಎರಡನೆಯದು ಅಕ್ಕನ ಪ್ರಯಾಣವನ್ನೇ ಕೆಡಿಸುವುದರಲ್ಲಿತ್ತು.

ಗಾಡಿ ಎಂದರೆ ಕಾರಲ್ಲ, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪ್ರವಾಸದ ಟ್ರೇಲರ್. ಎರಡು ಚಕ್ರದ ಮೇಲೆ ನಿಂತ ಒಂದು ಪುಟ್ಟ ಕೋಣೆ ಅಂದುಕೊಳ್ಳಿ. ಒಂದು ಮಂಚ, ಮಡಚುವ ಮೇಜು, ಕೈ ತೊಳೆಯುವ ತೊಟ್ಟಿ, ಪರದೆ ಹಾಕಿದ ಎರಡು ಕಿಟಕಿ. ಇಟ್ಟಮಡುವಿನ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಮಾಡಿನ ಕೆಳಗೆ, ಮೂತಿ ಮಾತ್ರ ಬಿಸಿಲಿಗೆ ಚಾಚಿಕೊಂಡು, ಅದು ನಿಂತಿರುತ್ತದೆ. ನನ್ನ ಮಾವನ ಕಾಲದಲ್ಲಿ ಆ ಸೈಟು ರಾಗಿ ಹೊಲದ ಒಂದು ಮೂಲೆ. ಈಗ ಮೂರು ಕಡೆ ನಾವೇ ಕಟ್ಟಿಸಿದ ಬಾಡಿಗೆ ಮನೆಗಳು, ಒಂದು ಕಡೆ ರಸ್ತೆ. ಜೆ.ಪಿ. ನಗರದಲ್ಲಿ ವಯಸ್ಸಾದವರೊಬ್ಬರು ಬಳಸದೆ ಶೆಡ್ಡಿನಲ್ಲಿ ಇಟ್ಟಿದ್ದ ಈ ಟ್ರೇಲರನ್ನು ಎರಡು ವರ್ಷದ ಹಿಂದೆ ನಮ್ಮವರು ತಂದರು. ಬಾಡಿಗೆಯವರು ಮೊದಮೊದಲು ಇದೇನು ಹೋಟೆಲ್ ಇಡ್ತೀರಾ ಅಂಕಲ್ ಅಂತ ಕೇಳುತ್ತಿದ್ದರು.

ತಂದದ್ದು ಅಕ್ಕನಿಗಾಗಿ. ನನಗಿಂತ ಆರು ವರ್ಷ ದೊಡ್ಡವಳು, ತ್ಯಾಗರಾಜನಗರದ ಒಂದು ಮಹಡಿ ಮನೆಯಲ್ಲಿ ಇರುತ್ತಾಳೆ, ಮದುವೆಯಾಗಲಿಲ್ಲ. ಹೊಲಿಗೆ ಕಲಿಸಿ ಬದುಕು ಕಟ್ಟಿಕೊಂಡವಳು. ಆ ಬೀದಿಯ ಅರ್ಧ ಹೆಂಗಸರಿಗೆ ರವಿಕೆ ಕತ್ತರಿಸಲು ಕಲಿಸಿದ್ದು ಅವಳೇ. ನಾಲ್ಕು ವರ್ಷದ ಹಿಂದೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಯ ಯಂತ್ರಕ್ಕೆ ಹೋಗುವ ಬದಲು ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್ ಆರಿಸಿಕೊಂಡಳು. ಹೊಟ್ಟೆಗೆ ಒಂದು ಸಣ್ಣ ನಳಿಗೆ ಇಟ್ಟಿರುತ್ತಾರೆ. ದಿನಕ್ಕೆ ನಾಲ್ಕು ಸಲ ಹಳೆಯ ದ್ರವ ಹೊರಗೆ ಬಿಟ್ಟು, ಹೊಸ ಚೀಲದ ದ್ರವ ಒಳಗೆ ತುಂಬಿಸಿಕೊಳ್ಳಬೇಕು. ಪ್ರತಿ ಸಲಕ್ಕೂ ಅರ್ಧ ಗಂಟೆ. ಆ ಅರ್ಧ ಗಂಟೆ ಕೋಣೆಯ ಬಾಗಿಲು, ಕಿಟಕಿ ಮುಚ್ಚಿರಬೇಕು, ಫ್ಯಾನು ತಿರುಗಬಾರದು, ಮುಖಕ್ಕೆ ಮಾಸ್ಕು, ಕೈ ಮೊಣಕೈವರೆಗೆ ತೊಳೆದಿರಬೇಕು. ಒಂದು ಚೂರು ಕೊಳೆ ಒಳಗೆ ಹೋದರೂ ಆಸ್ಪತ್ರೆಯೇ ಗತಿ. ಹಾಗಾಗಿ ನಾಲ್ಕು ವರ್ಷ ಅವಳು ಬೆಂಗಳೂರು ಬಿಟ್ಟು ಒಂದು ರಾತ್ರಿಯೂ ಹೊರಗೆ ತಂಗಿರಲಿಲ್ಲ. ಕಾವೇರಿ ದಂಡೆಯಲ್ಲಿ ಎರಡು ದಿನ ಇದ್ದು ಬರಬೇಕು ಅನ್ನುವುದೊಂದೇ ಅವಳ ಆಸೆ. ಕನಕಪುರದ ಆಚೆ, ಹೊಳೆಗೆ ಅಂಟಿಕೊಂಡ ಹಾಗೆ ನಮ್ಮವರ ನೆಂಟರ ಹಿಪ್ಪುನೇರಳೆ ತೋಟವಿದೆ. ಅಲ್ಲಿಗೆ ಸ್ವಚ್ಛವಾದ ಕೋಣೆಯನ್ನೇ ಎಳೆದುಕೊಂಡು ಹೋದರಾಯಿತು ಎಂಬುದು ನಮ್ಮವರ ಲೆಕ್ಕಾಚಾರ.

ಲೆಕ್ಕಾಚಾರ ಚೆನ್ನಾಗಿತ್ತು, ಹೊರಡುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಅಕ್ಕನಿಗೆ ಜ್ವರ, ಒಮ್ಮೆ ಅವಳ ವೈದ್ಯರು ಬೇಡ ಎಂದರು, ಒಮ್ಮೆ ಹೊಳೆ ತುಂಬಿತು. ಅಷ್ಟರಲ್ಲಿ ಎರಡು ವರ್ಷ ಹೋಯಿತು. ಕಡೆಗೆ ಈ ಸಲ ವೈದ್ಯರು ಹೂಂ ಅಂದರು. ಎರಡು ವಾರದಲ್ಲಿ ಹೊರಡುವುದೆಂದು ಗೊತ್ತಾಯಿತು.

ಹೊರಡುವ ಮುಂಚೆ ಟ್ರೇಲರಿನ ಮೆಟ್ಟಿಲು ಬೆಸುಗೆ ಹಾಕಿಸಲು ಗೊಟ್ಟಿಗೆರೆಗೆ ಹೋಗಿದ್ದೆವು, ನಾನು ಮತ್ತು ನಮ್ಮವರು. ಬರುವಾಗ ಒಂದು ರೋಡ್ ಹಂಪ್ ಹತ್ತಿ ಇಳಿದೆವು ಅಷ್ಟೆ, ಹಿಂದಿನಿಂದ ಯಾರೋ ಕಾರನ್ನು ಜಗ್ಗಿದ ಹಾಗಾಯಿತು. ಬಿಟ್ಟಿತು. ಮತ್ತೆ ಜಗ್ಗಿತು. ಸಂತೆಗೆ ಬರಲ್ಲ ಅನ್ನುವ ಮೇಕೆಯ ಹಾಗೆ ಟ್ರೇಲರು ಮೂರು ನಾಲ್ಕು ಸಲ ಹಿಡಿದು ಬಿಟ್ಟು ಮಾಡಿತು. ಹಿಂದೆ ಬರುತ್ತಿದ್ದ ಬಸ್ಸು ಒಂದು ಮೊಳ ಬಿಟ್ಟು ಗಕ್ಕನೆ ನಿಂತಿತು, ಹಾರ್ನುಗಳ ಮಂಗಳಾರತಿ ಶುರುವಾಯಿತು. ನಮ್ಮವರು ಇಳಿದು ಹೋಗಿ ನೋಡಿ, ಬಗ್ಗಿ ಏನೋ ಮಾಡಿ, ಬಂದು ಕೂತರು.

"ಏನ್ರೀ ಅದು?"

"ಒಂದು ಪಿನ್ನು ಬಿದ್ದೋಗಿತ್ತು. ಒತ್ತಿ ಬೈಂಡಿಂಗ್ ವೈರ್ ಸುತ್ತಿದೀನಿ. ಇನ್ನು ಅದರಪ್ಪ ಬಂದ್ರೂ ಬೀಳಲ್ಲ."

ನಮ್ಮವರು ಟ್ರಾಕ್ಟರ್ ಓಡಿಸಿ ಬೆಳೆದವರು. ಟ್ರಾಕ್ಟರಿನ ಹಿಂದಿನ ಗಾಡಿಗೆ ಒಂದು ದಪ್ಪ ಪಿನ್ನು ಇರುತ್ತದೆ, ಅದು ಕುಣಿದು ಆಚೆ ಬಾರದ ಹಾಗೆ ತಂತಿ ಸುತ್ತುವುದು ಆ ಕಡೆಯ ಪದ್ಧತಿ. ಪಿನ್ನು ಅಂದಮೇಲೆ ಬೀಳಬಾರದು, ಬೀಳುವುದಾದರೆ ಕಟ್ಟಬೇಕು. ಅದರಲ್ಲಿ ಅವರಿಗೆ ಎರಡನೇ ಯೋಚನೆಯೇ ಇಲ್ಲ. ನನಗೆ ಮಾತ್ರ ದಾರಿಯುದ್ದಕ್ಕೂ ಒಂದೇ ಹುಳ ಕೊರೆಯಿತು. ಒಂದು ಪಿನ್ನು ಬಿದ್ದರೆ ಗಾಡಿ ಬಿಟ್ಟುಕೊಂಡು ಹೋಗಬೇಕಲ್ಲವೇ? ಇದು ಯಾಕೆ ನಿಲ್ಲುತ್ತದೆ?

ಮನೆಗೆ ಬಂದವಳು ಕೈಕಾಲು ತೊಳೆಯದೆ ಟ್ರೇಲರಿನ ಮೂತಿಯ ಹತ್ತಿರ ಮೊಣಕಾಲೂರಿದೆ. ಕಾರಿಗೆ ಸೇರುವ ಕಬ್ಬಿಣದ ಮೂತಿಯ ಪಕ್ಕ, ಬೆಂಕಿಪೊಟ್ಟಣದ ಗಾತ್ರದ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಹೋಗಿ ಕೂರುವ ಬೆರಳಿನಷ್ಟು ಪಿನ್ನು. ಪಿನ್ನಿಗೆ ಉಕ್ಕಿನ ಸಣ್ಣ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಡಬ್ಬಿಯ ಹಿಂದಿನಿಂದ ಎರಡು ವೈರು ಹೊರಟು ಒಂದು ಟ್ರೇಲರಿನ ಬ್ಯಾಟರಿಗೆ, ಇನ್ನೊಂದು ಚಕ್ರಗಳ ಕಡೆಗೆ. ಫೋನಿನಲ್ಲಿ ಹುಡುಕಿದೆ. ಇದರ ಹೆಸರು ಬ್ರೇಕ್‌ಅವೇ ಸ್ವಿಚ್.

ಅರ್ಥವಾದ ಮೇಲೆ ಹತ್ತು ನಿಮಿಷ ಅಲ್ಲೇ ಕೂತಿದ್ದೆ. ಎಂಥ ಚೆಂದದ ಉಪಾಯ. ಓಡುವಾಗ ಕೊಕ್ಕೆಯನ್ನು ಕಾರಿಗೆ ಸಿಕ್ಕಿಸಿರುತ್ತೇವೆ. ಎಲ್ಲಾದರೂ ಟ್ರೇಲರು ಕಾರಿನಿಂದ ಕಳಚಿಕೊಂಡರೆ ಹಗ್ಗ ಬಿಗಿಯುತ್ತದೆ, ಪಿನ್ನು ಕಿತ್ತು ಬರುತ್ತದೆ. ಪಿನ್ನು ಇರುವವರೆಗೆ ಒಳಗಿನ ಎರಡು ಲೋಹದ ಪಟ್ಟಿಗಳು ದೂರ ಇರುತ್ತವೆ. ಪಿನ್ನು ಹೋದ ಕೂಡಲೇ ಒಂದಕ್ಕೊಂದು ಮುಟ್ಟಿ, ಬ್ಯಾಟರಿಯ ಕರೆಂಟು ಬ್ರೇಕಿಗೆ ಹೋಗಿ, ಒಡೆಯನಿಲ್ಲದ ಗಾಡಿ ತಾನಾಗಿಯೇ ನಿಲ್ಲುತ್ತದೆ. ಸಾಮಾನ್ಯವಾಗಿ ಸ್ವಿಚ್ಚು ಅಂದರೆ ಒತ್ತಿದರೆ ಹತ್ತುತ್ತದೆ. ಇದು ಕಿತ್ತುಕೊಂಡರೆ ಹತ್ತುವುದು. ಇದನ್ನು ಬಿಗಿದು ಕಟ್ಟಿದರೆ ಕನಕಪುರ ರಸ್ತೆಯ ಇಳಿಜಾರಿನಲ್ಲಿ ಕಳಚಿಕೊಂಡ ಟ್ರೇಲರು ಯಾರ ಮನೆಗೆ, ಯಾರ ಸ್ಕೂಟರಿಗೆ ನುಗ್ಗುತ್ತದೋ ದೇವರಿಗೇ ಗೊತ್ತು.

ಒಳಗೆ ಹೋಗಿ ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಸಾವಧಾನವಾಗಿ ಹೇಳಿದೆ ಎನ್ನಲಾರೆ.

"ಬೀಳೋಕೇ ಅಂತ ಇರೋ ಪಿನ್ನು ಯಾವನು ಮಾಡ್ತಾನೆ?" ಎಂದರು ಅವರು.

"ಬುದ್ಧಿ ಇರೋನು ಮಾಡ್ತಾನೆ. ಬೇಡದ ಹೊತ್ತಲ್ಲಿ ಬಿತ್ತು ಅಂದ್ರೆ ಸವೆದಿದೆ ಅಂತ ಅರ್ಥ, ಕಟ್ಟಿ ಅಂತ ಅಲ್ಲ."

ಮರುದಿನ ಬಿ.ಟಿ.ಎಂ. ಲೇಔಟಿನಲ್ಲಿ ನಮ್ಮ ಕಾರಿನ ವೈರಿಂಗ್ ಕೆಲಸ ಮಾಡುವ ಮೆಕ್ಯಾನಿಕ್ ಹತ್ತಿರ ಫೋಟೋ ತೋರಿಸಿದೆವು. ಅವನು ಫೋಟೋ ದೊಡ್ಡದು ಮಾಡಿ ನೋಡಿ, "ಮೇಡಂ, ಇಂಥ ಐಟಂ ನಾನು ಲೈಫಲ್ಲೇ ನೋಡಿಲ್ಲ. ಆದ್ರೆ ಬಿಚ್ಕೊಳ್ಳೋಕೆ ಇರೋದನ್ನ ಅಣ್ಣ ಸಖತ್ತಾಗಿ ಕಟ್ಟಿದಾರೆ ನೋಡಿ" ಎಂದ. ನಮ್ಮವರು ಎದುರಿನ ಟೀ ಅಂಗಡಿಯನ್ನು ನೋಡುತ್ತಾ ನಿಂತರು. ಆನ್‌ಲೈನಿನಲ್ಲಿ ಅದೇ ಬಗೆಯದು ಸಿಗುತ್ತದೆಂದು ಅವನೇ ಹುಡುಕಿಕೊಟ್ಟ. ಜೋಡಿಸಿ ಕೊಡುತ್ತೇನೆ ಎಂದ. ಬೇಡ, ನಾನೇ ಜೋಡಿಸುತ್ತೇನೆ ಎಂದೆ. ಅಷ್ಟು ಸೊಗಸಾದ ವಸ್ತುವನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಐದನೇ ದಿನಕ್ಕೆ ಹೊಸ ಸ್ವಿಚ್ಚು ಬಂತು. ಬೆಳಿಗ್ಗೆ ತಿಂಡಿ ಮುಗಿಸಿ, ಹಳೆಯ ಸೀರೆಯ ತುಂಡೊಂದನ್ನು ನೆಲಕ್ಕೆ ಹಾಸಿ ಕೂತೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಿರುವುದನ್ನು ಖಚಿತಪಡಿಸಿಕೊಂಡೆ. ಹಳೆಯ ಸ್ವಿಚ್ಚಿನ ಎರಡು ವೈರುಗಳ ಬಣ್ಣ ಬಿಸಿಲಿಗೆ ಹೋಗಿ ಎರಡೂ ಒಂದೇ ಥರ ಬೂದಿಯಾಗಿದ್ದವು. ಮೀಟರು ಹಿಡಿದು ಯಾವುದು ಬ್ಯಾಟರಿಯದು, ಯಾವುದು ಬ್ರೇಕಿನದು ಎಂದು ಪತ್ತೆ ಮಾಡಿ, ಒಂದಕ್ಕೆ ಕೆಂಪು ಉಣ್ಣೆ, ಇನ್ನೊಂದಕ್ಕೆ ಬಿಳಿ ಉಣ್ಣೆ ಕಟ್ಟಿದೆ. ಹಳೆಯದನ್ನು ಹಿಡಿದಿದ್ದ ಬೋಲ್ಟಿಗೆ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಸಡಿಲವಾಯಿತು. ಹೊಸದನ್ನು ಅದೇ ಜಾಗಕ್ಕೆ ಕೂರಿಸಿ, ವೈರು ಸೇರಿಸಿ, ನೀರು ಹೋಗದ ಹಾಗೆ ಟೇಪು ಸುತ್ತಿದೆ. ಹೊಸ ಪಿನ್ನನ್ನು ಎಳೆದು ನೋಡಿದೆ. ಎರಡು ಬೆರಳಿಗೆ ಬಗ್ಗಲಿಲ್ಲ, ಕೈ ಮುಷ್ಟಿ ಮಾಡಿ ಎಳೆದರೆ ಟಕ್ಕನೆ ಬಂತು. ಹಳೆಯದು ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ಇಷ್ಟಕ್ಕೆ ಕೆಲಸ ಮುಗಿಯಿತು. ಆದರೆ ಹಳೆಯದನ್ನು ಬಿಚ್ಚದೆ ಎಸೆಯುವುದು ಹೇಗೆ? ಅದು ಪೂರ್ತಿ ಹಿಡಿಯದೆ ಹಿಡಿದು ಬಿಟ್ಟು ಮಾಡಿದ್ದೇಕೆ ಎಂಬುದೂ ನನಗೆ ಬಗೆಹರಿದಿರಲಿಲ್ಲ. ಚಾಕುವಿನ ತುದಿಯಿಂದ ಡಬ್ಬಿಯ ಅಂಚು ಎಬ್ಬಿಸಿದೆ. ಒಳಗಿನ ಹಿತ್ತಾಳೆ ಪಟ್ಟಿಗಳ ಮೇಲೆ ಹಸಿರು ಕಿಲುಬು ಬೂಷ್ಟಿನ ಹಾಗೆ ಬೆಳೆದಿತ್ತು. ಪಿನ್ನು ಕೂರುವ ತೂತು ಒಂದೇ ಮಗ್ಗುಲಿಗೆ ಸವೆದು ಉದ್ದವಾಗಿತ್ತು. ಮತ್ತು ಮೂಲೆಯಲ್ಲಿ, ಕಿಲುಬಿಗೆ ಅಂಟಿಕೊಂಡು, ಒಂದು ಮೆಣಸಿನಕಾಯಿ ಬೀಜ.

ಬೀಜವನ್ನು ಸೂಜಿಯಿಂದ ಎತ್ತಿ ಅಂಗೈಯಲ್ಲಿಟ್ಟುಕೊಂಡೆ. ಟ್ರೇಲರಿನ ಬ್ರೇಕಿಗೂ ಮೆಣಸಿನಕಾಯಿಗೂ ಏನು ಸಂಬಂಧ? ತಲೆ ಎತ್ತಿದರೆ ಉತ್ತರ ಕಂಬಿಗೆ ನೇತಾಡುತ್ತಿತ್ತು. ಸ್ವಿಚ್ಚು ಬದಲಿಸಲೆಂದು ನಾನೇ ಬಿಚ್ಚಿ ಪಕ್ಕಕ್ಕೆ ಸಿಕ್ಕಿಸಿದ್ದ ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲಿನ ಸರ. ಅದನ್ನು ಕಟ್ಟುವವಳು ಅಕ್ಕ. ಎರಡು ವರ್ಷದಿಂದ ಪ್ರತಿ ಶನಿವಾರ, ಎರಡು ಚೀಲಗಳ ನಡುವಿನ ಬಿಡುವಿನಲ್ಲಿ ಆಟೋ ಹತ್ತಿ ಬಂದು, ಬರುವ ದಾರಿಯಲ್ಲಿ ಸಿಗ್ನಲ್ ಹತ್ತಿರ ಸರ ಕೊಂಡು, ಟ್ರೇಲರಿಗೆ ಕಟ್ಟಿ, ನಮ್ಮನೆಯಲ್ಲಿ ಅರ್ಧ ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದಳು. ಕಟ್ಟುತ್ತಿದ್ದದ್ದು ಆ ಉಕ್ಕಿನ ಹಗ್ಗಕ್ಕೆ, ಸರಿಯಾಗಿ ಸ್ವಿಚ್ಚಿನ ಮೇಲೆ.

ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ಮಕ್ಕಳಿಗೆ ನಿಂಬೆಹಣ್ಣಿಗೆ ತಾಮ್ರದ ಪಟ್ಟಿ, ಸತುವಿನ ಮೊಳೆ ಚುಚ್ಚಿ ಕರೆಂಟು ಬರುವುದನ್ನು ತೋರಿಸುತ್ತಿದ್ದವಳು ನಾನು. ಸಂಜೆ ಆ ಪಟ್ಟಿಗಳನ್ನು ಉಜ್ಜಿ ತೊಳೆಯುತ್ತಿದ್ದವಳೂ ನಾನೇ. ಒಂದು ವಾರ ತೊಳೆಯದೆ ಬಿಟ್ಟರೆ ಹೀಗೇ ಹಸಿರಾಗುತ್ತಿದ್ದವು. ನಿಂಬೆಯ ರಸ ವಾರವಾರವೂ ತೊಟ್ಟಿಕ್ಕಿ ಲೋಹವನ್ನು ತಿಂದಿದೆ, ಕಿಲುಬು ಅಡ್ಡ ಬಂದು ಕರೆಂಟು ತಡೆದು ತಡೆದು ಹರಿದು ಬ್ರೇಕು ಹಿಡಿದು ಬಿಟ್ಟು ಮಾಡಿದೆ, ಹಳೇ ಸರ ಜಗ್ಗಿ ಹೊಸದು ಬಿಗಿಯುವಾಗಲೆಲ್ಲ ಪಿನ್ನು ಎಳೆದು ತೂತು ಸವೆದಿದೆ. ಕಣ್ಣು ತಾಗದಿರಲೆಂದು ಕಟ್ಟಿದ್ದೇ ಬ್ರೇಕನ್ನು ತಿಂದು ಹಾಕಿತ್ತು. ನನಗೆ ಆದ ಖುಷಿ ಹೇಳತೀರದು. ಕೈಯಲ್ಲಿ ಎಣ್ಣೆ ಇರುವಾಗಲೇ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಕಳ್ಳ ಸಿಕ್ಕಿದ. ಸ್ವಿಚ್ಚು ಹಾಳು ಮಾಡಿದ್ದು ಯಾರು ಹೇಳು. ನೀನೇ. ನಿನ್ನ ನಿಂಬೆಹಣ್ಣು."

ಪೂರ್ತಿ ಪ್ರಯೋಗವನ್ನು ವಿವರಿಸಿದೆ. ರಸ, ಕಿಲುಬು, ಬೀಜ, ಸವೆದ ತೂತು. ರಸ್ತೆಯ ನಡುವೆ ಬ್ರೇಕು ಹಿಡಿದದ್ದು, ಹಿಂದಿನ ಬಸ್ಸು ಒಂದು ಮೊಳದಲ್ಲಿ ನಿಂತದ್ದನ್ನೂ ಸೇರಿಸಿದೆ. ಅಷ್ಟು ಸೇರಿಸುವ ಅಗತ್ಯ ಇರಲಿಲ್ಲ. ಆಚೆ ಕಡೆಯಿಂದ ಅಕ್ಕ, "ಹೌದಾ" ಎಂದಳು. ಆಮೇಲೆ, "ಚೀಲಕ್ಕೆ ಹೊತ್ತಾಯ್ತು, ಇಡ್ತೀನಿ" ಎಂದಳು.

ಮರುದಿನ ಶನಿವಾರ. ಅಕ್ಕ ಬರಲಿಲ್ಲ. ಸಂಜೆ ನಮ್ಮವರಿಗೆ ಫೋನು ಮಾಡಿ, "ನೀವಿಬ್ಬರೂ ಹೋಗ್ಬನ್ನಿ. ನನಗ್ಯಾಕೋ ಆಗಲ್ಲ ಅನ್ಸುತ್ತೆ. ಸುಮ್ನೆ ನಿಮಗೆಲ್ಲ ತೊಂದ್ರೆ" ಎಂದಳಂತೆ. ನಮ್ಮವರು ಫೋನು ಇಟ್ಟು ನನ್ನ ಕಡೆ ತಿರುಗಿ, "ನಾನು ಪಿನ್ನಿಗೆ ತಂತಿ ಸುತ್ತಿದ್ದಕ್ಕೆ ಒಂದು ವಾರ ಬೈದೆ. ನಿನ್ನ ಬಾಯಿಗೆ ಯಾರು ಸುತ್ತೋದು?" ಎಂದರು. ನಾಲ್ಕು ವರ್ಷ ಕಾದವಳನ್ನು ನಾನು ಕಿಲುಬಿನ ಪಾಠ ಹೇಳಿ ಕೂರಿಸಿಬಿಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಕ್ಕ ಒಂದು ಸಲ ಬೇಡ ಅಂದರೆ ಅದು ಬೇಡವೇ.

ಭಾನುವಾರ ಬೆಳಿಗ್ಗೆ ಹಳೆಯ ಸ್ವಿಚ್ಚನ್ನು ಒಂದು ಸಣ್ಣ ಊಟದ ಡಬ್ಬಿಯಲ್ಲಿ ಹಾಕಿಕೊಂಡು ತ್ಯಾಗರಾಜನಗರಕ್ಕೆ ಹೋದೆ. ಬಾಗಿಲು ತಟ್ಟಿದರೆ ಒಳಕೋಣೆಯಿಂದ, "ಚೀಲ ಹಾಕಿದೀನಿ, ಅರ್ಧ ಗಂಟೆ" ಎಂಬ ಉತ್ತರ. ಮಹಡಿಯ ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆ ಮಾತಾಡದೆ ಕೂರುವುದು ನನಗೆ ಶಿಕ್ಷೆಯೇ. ಏನೇನು ಹೇಳಬೇಕೆಂದು ಜೋಡಿಸಿಕೊಂಡೆ, ಕ್ಷಮೆ ಕೇಳುವುದನ್ನು ಎರಡು ಮೂರು ರೀತಿಯಲ್ಲಿ ಯೋಚಿಸಿದೆ. ಅವಳು ಬಾಗಿಲು ತೆಗೆದಾಗ ಬಾಯಿಗೆ ಬಂದದ್ದು ಒಂದೇ.

"ತಪ್ಪಾಯ್ತು ಕಣೆ."

"ನಿನ್ನದೇನು ತಪ್ಪು. ಹಾಳು ಮಾಡಿದ್ದು ನಾನು" ಎಂದು ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ನಾನು ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಒಂದು ನಿಮಿಷ ಮುಟ್ಟಲಿಲ್ಲ. ಆಮೇಲೆ ತಡೆಯಲಾರದೆ ಕನ್ನಡಕ ಏರಿಸಿಕೊಂಡು, ಸೂಜಿ ತೆಗೆದುಕೊಂಡು, ಕೆದಕತೊಡಗಿದಳು. ಈ ಕುತೂಹಲ ನನಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಪಿನ್ನು ಎಲ್ಲಿ ಕೂರುತ್ತದೆ, ಯಾವುದು ಯಾವುದನ್ನು ಮುಟ್ಟುತ್ತದೆ, ಕಿತ್ತುಕೊಂಡರೆ ಏನು, ಎಲ್ಲ ಕೇಳಿದಳು. ಡಬ್ಬಿಯ ಹೊರಮೈಯನ್ನು ಉಗುರಿನಿಂದ ಒತ್ತಿದಾಗ ಪ್ಲಾಸ್ಟಿಕ್ಕು ಪುಡಿಪುಡಿಯಾಗಿ ಉದುರಿತು.

"ಇದು ನನ್ನ ನಿಂಬೆಹಣ್ಣಲ್ಲ. ಬಿಸಿಲು. ವಯಸ್ಸಾಗಿದೆ ಇದಕ್ಕೆ" ಎಂದಳು.

ನಾನು ಆ ಕಡೆ ನೋಡಿಯೇ ಇರಲಿಲ್ಲ. ಬೀಜ ಸಿಕ್ಕ ಸಂಭ್ರಮದಲ್ಲಿ ಬೇರೆಲ್ಲ ಕಾರಣಗಳನ್ನೂ ಬಿಟ್ಟಿದ್ದೆ. ಹಾಗೆಂದು ಒಪ್ಪಿಕೊಂಡೆ.

"ಅರ್ಧ ನಂದು, ಅರ್ಧ ಬಿಸಿಲಿಂದು. ಸರ ಕಟ್ಟುವಾಗ ಎಷ್ಟೋ ಸಲ ಪಿನ್ನು ಕೈಗೆ ಬರ್ತಿತ್ತು. ಒತ್ತಿ ಸುಮ್ನಾಗ್ತಿದ್ದೆ. ನಿಮಗೆ ಹೇಳಿದ್ರೆ ಕಟ್ಟಬೇಡ ಅಂತೀರ ಅಂತ ಹೇಳ್ಲಿಲ್ಲ" ಎಂದಳು ಅಕ್ಕ.

ಗಾಡಿ ನಿಂತಿರುವಾಗ ಬ್ಯಾಟರಿ ಬಿಚ್ಚಿರುತ್ತಿದ್ದರಿಂದ, ಪಿನ್ನು ಬಂದರೂ ಬ್ರೇಕು ಹಿಡಿಯದೆ, ನಮಗೂ ಅದು ತಿಳಿದಿರಲಿಲ್ಲ. "ನಿನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲವಲ್ಲೇ. ಹೊಸ ಯಂತ್ರ ಬಂದಾಗ ಕುಂಕುಮ ಇಡಕ್ಕೂ ಬಿಡ್ತಿರಲಿಲ್ಲ ನೀನು. ಗಾಡಿಗೆ ಯಾಕೆ ಕಟ್ಟಿದೆ?" ಎಂದು ಕೇಳಿದೆ.

ಅಕ್ಕ ಸೂಜಿಯನ್ನು ಅದರ ಪುಟ್ಟ ದಿಂಬಿಗೆ ಚುಚ್ಚಿಟ್ಟಳು. "ಮೊದಲನೇ ಸಲ ಹೊರಡೋದು ತಪ್ಪಿತಲ್ಲ, ಆಗ ನಿಮ್ಮೆಜಮಾನರು ಅಂದ್ರು, ಯಾರೂ ಉಪಯೋಗಿಸ್ದೆ ಇದ್ರೆ ಮಾರಿಬಿಡೋಣ ಅಂತ. ತಮಾಷೆಗೆ ಅಂದಿದ್ರೋ ಏನೋ. ಆಮೇಲೆ ಪ್ರತಿ ಶನಿವಾರ ಬಂದು ನೋಡ್ಕೊಂಡು ಹೋಗ್ತಿದ್ದೆ, ಇದೆಯಾ ಇಲ್ವಾ ಅಂತ. ಸುಮ್ನೆ ನೋಡಕ್ಕೆ ಬಂದೆ ಅಂದ್ರೆ ಏನ್ ಚೆನ್ನಾಗಿರುತ್ತೆ? ಕೈಯಲ್ಲಿ ಒಂದು ನೆಪ ಬೇಕಿತ್ತು."

ಮೂವತ್ತು ವರ್ಷ ಕಾರಣಗಳನ್ನು ಹುಡುಕಿದವಳಿಗೆ ಈ ಕಾರಣ ಪ್ರತಿ ಶನಿವಾರ ಮಜ್ಜಿಗೆ ಕುಡಿದು ಹೋಗುವಾಗಲೂ ಕಂಡಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ, ಅಳತೆಯ ಟೇಪು ಎತ್ತಿ ಸುತ್ತಿಡುತ್ತಿದ್ದಳು. ಕಡೆಗೆ ನಾನೇ ಹೇಳಿದೆ, ಹೊಸ ಸ್ವಿಚ್ಚು ಕೂರಿಸಿದ್ದೇನೆ, ಪರೀಕ್ಷೆ ಮಾಡಿಲ್ಲ, ನೀನು ಬಂದು ಪಿನ್ನು ಕಿತ್ತು ನೋಡದೆ ಗಾಡಿ ಕದಲುವುದಿಲ್ಲ, ಆಮೇಲೆ ಬರುವುದು ಬಿಡುವುದು ನಿನ್ನಿಷ್ಟ ಎಂದು. "ನೋಡ್ತೀನಿ" ಎಂದಳು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಆಟೋ ಬಂದು ನಿಂತಿತು. ಅಕ್ಕ ಇಳಿದಳು. ಕೈಯಲ್ಲಿ ಕಾಗದದ ಪೊಟ್ಟಣ. ಏನದು ಎಂದು ಕೇಳಲು ಬಾಯಿ ತುರಿಸಿತು, ಕೇಳಲಿಲ್ಲ. ನಮ್ಮವರು ಆಗಲೇ ಕಾರಿಗೆ ಟ್ರೇಲರು ಸೇರಿಸಿ ಸೈಟಿನ ಮಣ್ಣಿನ ಮೇಲೆ ನಿಲ್ಲಿಸಿದ್ದರು. ಬ್ಯಾಟರಿ ಸೇರಿಸಿ, ಹೊಸ ಉಕ್ಕಿನ ಹಗ್ಗದ ಕೊಕ್ಕೆಯನ್ನು ಸಿಕ್ಕಿಸಿ ತಯಾರು ಮಾಡಿದ್ದು ನಾನು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಆಡಿಸಿದಳು.

"ಇದನ್ನ ಎಲ್ಲಿಗೆ ಕಟ್ಟಿದೀಯ?"

"ಅದೇ, ಕಾರಿಗೆ. ಟ್ರೇಲರಿನ ಮೂತಿ ಕೂರೋ ಈ ಗುಂಡು ಇದೆಯಲ್ಲ, ಅದರ ಕಬ್ಬಿಣಕ್ಕೆ."

"ಟ್ರೇಲರು ಕೂತಿರೋದೂ ಅದೇ ಕಬ್ಬಿಣದ ಮೇಲೆ ತಾನೆ? ಆ ಕಬ್ಬಿಣವೇ ಕಾರಿಂದ ಕಿತ್ಕೊಂಡ್ರೆ?"

ಬಗ್ಗಿ ಮತ್ತೆ ನೋಡಿದೆ. ಕಬ್ಬಿಣದ ಜತೆ ಟ್ರೇಲರೂ ಹೋಗುತ್ತದೆ, ಹಗ್ಗವೂ ಅದರ ಜತೆಗೇ ಹೋಗುತ್ತದೆ. ಹಗ್ಗ ಬಿಗಿಯುವುದೇ ಇಲ್ಲ, ಪಿನ್ನು ಬರುವುದೇ ಇಲ್ಲ.

"ಎರಡು ಹೊಲಿಗೆ ಹಾಕು ಅಂತ ಹೇಳಿಕೊಡೋದು ಯಾಕೆ? ಎರಡನ್ನೂ ಒಂದೇ ನೂಲಲ್ಲಿ ಹಾಕಿದ್ರೆ, ಒಂದು ಬಿಚ್ಚಿದಾಗ ಇನ್ನೊಂದೂ ಬಿಚ್ಚುತ್ತೆ" ಎಂದಳು ಅಕ್ಕ. ತರಗತಿಯಲ್ಲಿ ಹೇಳುವ ದನಿ.

ಮೀಟರು ಹಿಡಿದು ವೈರು ಹುಡುಕಿದವಳು, ತಂತಿ ಸುತ್ತಿದ ಗಂಡನಿಗೆ ವಾರಗಟ್ಟಲೆ ಪಾಠ ಹೇಳಿದವಳು ನಾನು. ನಮ್ಮವರು ಒಂದು ಮಾತೂ ಆಡದೆ ಕಾರಿನ ಅಡಿಗೆ ಬಗ್ಗಿ, ಚಾಸಿಗೇ, ಅಂದರೆ ಕಾರಿನ ಮೂಲ ಚೌಕಟ್ಟಿಗೇ, ಸೇರಿದ್ದ ಗಟ್ಟಿ ಬಳೆಯೊಂದನ್ನು ತೋರಿಸಿದರು. ಆ ಮೌನದಲ್ಲಿ ಅವರಿಗೆ ಎಷ್ಟು ಸುಖವಿತ್ತು ಎಂಬುದು ನನಗೆ ಗೊತ್ತಿತ್ತು. ಕೊಕ್ಕೆಯನ್ನು ಅಲ್ಲಿಗೆ ಬದಲಾಯಿಸಿದೆ. ಕಾರು ತಿರುಗುವಾಗ ಬಿಗಿಯದಷ್ಟು ಸಡಿಲ ಇದೆಯೇ, ನೆಲಕ್ಕೆ ತಾಗದಷ್ಟು ಗಿಡ್ಡ ಇದೆಯೇ ಎಂದು ಅಕ್ಕ ತನ್ನ ಅಳತೆಯ ಟೇಪಿನಲ್ಲೇ ನೋಡಿದಳು.

ಆಮೇಲೆ ಪೊಟ್ಟಣ ಬಿಚ್ಚಿದಳು. ಒಳಗೆ ನಾಲ್ಕು ನಿಂಬೆಹಣ್ಣು. ನನ್ನ ಮುಖ ನೋಡಿ, "ಕಟ್ಟಲ್ಲ, ಹೆದರಬೇಡ" ಎಂದಳು. ಎರಡನ್ನು ಟ್ರೇಲರಿನ ಎರಡು ಚಕ್ರಗಳ ಮುಂದೆ ಒತ್ತಿ ಇಟ್ಟಳು. ಹೊರಡುವ ಮುಂಚೆ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ತುಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ.

"ಹೊರಡೋ ದಿನ ಅಲ್ವೇ ಇಡೋದು?" ಎಂದೆ.

"ಇದು ಪೂಜೆಗಲ್ಲ. ಚಕ್ರ ತಿರುಗಿದ್ರೆ ಹಣ್ಣು ಅಪ್ಪಚ್ಚಿಯಾಗುತ್ತೆ. ಬ್ರೇಕ್ ಹಿಡಿದಿದ್ರೆ ಹಣ್ಣು ಸುಮ್ನೆ ಮುಂದಕ್ಕೆ ತಳ್ಳಿಸ್ಕೊಂಡು ಹೋಗುತ್ತೆ. ಎರಡು ಚಕ್ರದಲ್ಲಿ ಯಾವುದು ಹಿಡೀತು ಯಾವುದು ಹಿಡೀಲಿಲ್ಲ ಅಂತ ಹಣ್ಣೇ ಹೇಳಲಿ."

ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕಳೆದ ನನಗೆ ಇದು ಹೊಳೆದಿರಲಿಲ್ಲ. ಅಕ್ಕ ಹಗ್ಗ ಹಿಡಿದು ಒಮ್ಮೆ ನನ್ನ ಕಡೆ ನೋಡಿ, ಜಗ್ಗಿದಳು. ಟಕ್ ಎಂದು ಪಿನ್ನು ಅವಳ ಕೈಗೆ ಬಂತು. ಚಕ್ರಗಳ ಒಳಗಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ಸ್ಟಿಯರಿಂಗ್ ಹಿಡಿದು ಕೂತಿದ್ದ ನಮ್ಮವರಿಗೆ ಕೈ ಬೀಸಿದೆ. ಕಾರು ಮೆಲ್ಲಗೆ ಮುಂದೆ ಎಳೆಯಿತು, ಮೂತಿ ಕುಸಿಯಿತು, ಟ್ರೇಲರು ಮೊದಲು ಕದಲಲಿಲ್ಲ, ಆಮೇಲೆ ಮಣ್ಣಿನ ಮೇಲೆ ಗೇಣುದ್ದ ಜಾರಿತು. ಚಕ್ರ ತಿರುಗಲಿಲ್ಲ. ಎರಡು ನಿಂಬೆಹಣ್ಣುಗಳೂ ಗುಂಡಗೆ ಹಾಗೇ ಮಣ್ಣು ಸರಿಸಿಕೊಂಡು ಮುಂದೆ ಹೋಗಿ ನಿಂತಿದ್ದವು. ಹಿಡಿದು ಬಿಟ್ಟು ಮಾಡುವ ಮಾತೇ ಇಲ್ಲ.

"ಪಿನ್ನು ಹಾಕು ಬೇಗ, ಬ್ಯಾಟರಿ ಇಳಿದೋಗುತ್ತೆ" ಎಂದೆ. ಅಕ್ಕ ಪಿನ್ನು ಒತ್ತಿದಳು, ಗುಂಯ್ ನಿಂತಿತು. ಕಾರು ಮತ್ತೆ ಎಳೆದಾಗ ಎರಡು ಹಣ್ಣುಗಳೂ ಪಚಕ್ಕನೆ ಒಡೆದು ರಸ ಮಣ್ಣಿಗೆ ಹೋಯಿತು. ಅಕ್ಕ ಎರಡೂ ಕಡೆ ಸುತ್ತಿ ಬಂದು ಅಪ್ಪಚ್ಚಿಯಾದ ಸಿಪ್ಪೆಗಳನ್ನು ಕಾಲಿನಿಂದ ತಿರುಗಿಸಿ ನೋಡಿದಳು. ಉಳಿದ ಎರಡು ಹಣ್ಣುಗಳನ್ನು ನನ್ನ ಕೈಗಿಟ್ಟು, "ಇವು ಶರಬತ್ತಿಗೆ. ಶುಕ್ರವಾರ ಎಷ್ಟು ಹೊತ್ತಿಗೆ ಹೊರಡೋದು?" ಎಂದು ಕೇಳಿದಳು.

ಶುಕ್ರವಾರ ಬೆಳಗಿನ ಚೀಲ ಮುಗಿಸಿಕೊಂಡು ಹೊರಟೆವು. ಟ್ರೇಲರು ಓಡುವಾಗ ಅದರೊಳಗೆ ಯಾರೂ ಕೂರುವಂತಿಲ್ಲ, ಅಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿಯೇ ಕೂತಿದ್ದಳು. ಕನಕಪುರ ರಸ್ತೆಯಲ್ಲಿ ಎರಡು ಸಲ ನಿಲ್ಲಿಸಿ, ಇಳಿದು, ಹಗ್ಗಕ್ಕೆ ಬೆರಳು ಆಡಿಸಿ ಬಂದಳು. ಹನ್ನೊಂದೂವರೆಗೆ ತೋಟ ತಲುಪಿದೆವು. ಹಿಪ್ಪುನೇರಳೆ ಸಾಲುಗಳ ಆಚೆ ಕಾವೇರಿ ಬಂಡೆಗಳ ನಡುವೆ ಹರಿಯುತ್ತಿತ್ತು. ಅಕ್ಕ ಐದು ನಿಮಿಷ ನೋಡುತ್ತಾ ನಿಂತು, ಮಧ್ಯಾಹ್ನದ ಚೀಲಕ್ಕೆ ಹೊತ್ತಾಯಿತೆಂದು ಟ್ರೇಲರಿನ ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತು. ಕಿಟಕಿಗಳನ್ನು ಎಳೆದುಕೊಂಡಳು. ನಮ್ಮವರು ನೆಂಟರನ್ನು ಮಾತಾಡಿಸಲು ಹೋದರು.

ನಾನು ಮೆಟ್ಟಿಲ ಮೇಲೆ ಕೂತೆ. ಎದುರಿಗೇ ಹೊಸ ಸ್ವಿಚ್ಚು, ಬಿಸಿಲಿಗೆ ಹೊಳೆಯುತ್ತಿತ್ತು. ಈ ಪ್ಲಾಸ್ಟಿಕ್ಕೂ ಬಿಸಿಲಿಗೆ ಪುಡಿಯಾಗದ ಹಾಗೆ ಒಂದು ಟೋಪಿ ಹೊಲಿದರೆ ಹೇಗೆ ಎಂದು ಯೋಚನೆ ಬಂತು. ಬಂದ ಮೇಲೆ ತಡೆಯುವುದುಂಟೇ. ಮುಚ್ಚಿದ ಬಾಗಿಲಿಗೆ ಬೆನ್ನು ಒರಗಿಸಿ, ಯಾವ ಬಟ್ಟೆ, ಎಷ್ಟು ಅಗಲ, ಪಿನ್ನಿಗೆ ಅಡ್ಡ ಬಾರದ ಹಾಗೆ ಎಲ್ಲಿ ಸೀಳಬೇಕು ಎಂದು ಒಳಗಿದ್ದ ಅಕ್ಕನಿಗೆ ಹೇಳುತ್ತಾ ಹೋದೆ.

ಒಳಗಿನಿಂದ, ಮಾಸ್ಕಿನ ಹಿಂದಿನಿಂದ, ಅವಳ ದನಿ ಬಂತು.

"ಸ್ವಲ್ಪ ಸುಮ್ನಿರೆ. ಹೊಳೆಯ ಸದ್ದು ಕೇಳ್ಬೇಕು."

ಸುಮ್ಮನಾದೆ. ಅವಳ ಚೀಲ ಖಾಲಿಯಾಗುವವರೆಗೂ ಒಂದು ಮಾತೂ ಆಡಲಿಲ್ಲ.